ಪಿಸುಮಾತಿಗೂ ಪರವಾನಗಿ ಬೇಕೆ?

ಚಿತ್ರಮಂದಿರಗಳಿಗೆ ಪರವಾನಗಿ ನೀಡುವ ಮಾನ್ಯ ಅಧಿಕಾರಿಗಳೇ,

ನನ್ನ ಅತ್ತಿಗೆಗೆ ಕಣ್ಣು ಕಾಣುವುದಿಲ್ಲ. ಪಕ್ಕದಲ್ಲಿ ಕೂತು ಅವಳಿಗೆ ಸಿನಿಮಾ ಹೇಳುವವಳು ನಾನು. ಪ್ರದರ್ಶನದ ವೇಳೆ ಮಾತನಾಡುವವರನ್ನು ಹೊರಗೆ ಕಳಿಸಬೇಕೆಂಬ ನಿಮ್ಮ ಹೊಸ ಆದೇಶದಿಂದ ನಾವಿಬ್ಬರೂ ಹೊರಗೆ ಬಿದ್ದಿದ್ದೇವೆ. ವಿನಾಯಿತಿ ಕೇಳಿ ಬರೆದದ್ದಕ್ಕೆ ನಿಮ್ಮ ಕಚೇರಿ ಒಂದೇ ಸಾಲಿನ ಉತ್ತರ ಕೊಟ್ಟಿತು: "ಸದರಿ ವ್ಯಕ್ತಿಯು ಚಿತ್ರವನ್ನು ಮನೆಯಲ್ಲಿಯೇ ಕೇಳಿಸಿಕೊಳ್ಳಬಹುದು." ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಮನಸ್ಸಿನಲ್ಲೇ ನಿಮಗೆ ಮಾರುತ್ತರ ಬರೆಯುತ್ತೇನೆ. ಹಾಲು ಉಕ್ಕುತ್ತದೆ, ಉತ್ತರ ಮುಗಿಯುವುದಿಲ್ಲ. ಹಾಗಾಗಿ ಎಲ್ಲರೂ ಓದುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಸದರಿ ವ್ಯಕ್ತಿಯ ಪರಿಚಯ ಮಾಡಿಕೊಡುತ್ತೇನೆ. ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಮದುವೆಯಾಗಿ ಕೆಲವು ವರ್ಷಕ್ಕೆ ಕಣ್ಣಿನ ನರ ಸೋತು ದೃಷ್ಟಿ ಹೋಯಿತು, ಸಿನಿಮಾ ಹುಚ್ಚು ಹೋಗಲಿಲ್ಲ. ಮೊದಮೊದಲು ಅಣ್ಣನೇ ಪಕ್ಕದಲ್ಲಿ ಕೂತು ಹೇಳುತ್ತಿದ್ದ. "ನಿಮ್ಮಣ್ಣಂಗೆ ಬರೋದು ಎರಡೇ ಮಾತು ಕಣೇ, 'ಹೊಡ್ದ', 'ಬಿದ್ದ'. ಯಾರು ಯಾರಿಗೆ ಹೊಡೆದ್ರು ಅಂತ ನಾನು ಮನೆಗೆ ಬಂದು ವಿಚಾರಣೆ ಮಾಡ್ಬೇಕು" ಎಂದು ಅವನನ್ನು ವಜಾ ಮಾಡಿ ನನ್ನನ್ನು ನೇಮಿಸಿಕೊಂಡಳು.

ನಮ್ಮ ಈ ಕೆಲಸಕ್ಕೆ ಒಂದು ಕ್ರಮವಿದೆ. ಕಿವಿಗೆ ಬಿದ್ದದ್ದನ್ನು ಮತ್ತೆ ಹೇಳಬಾರದು. 'ಚೆನ್ನಾಗಿದೆ', 'ಪಾಪ' ಎನ್ನಬಾರದು. ಕಂಡದ್ದನ್ನು ಮಾತ್ರ ಹೇಳಬೇಕು, ಅಳುವುದು ಬಿಡುವುದು ಅವಳ ಸ್ವಾತಂತ್ರ್ಯ. ಮಣಿಕಟ್ಟನ್ನು ಒಮ್ಮೆ ಒತ್ತಿದರೆ ತೆರೆಯ ಮೇಲೆ ಹಗಲು, ಎರಡು ಸಲ ಒತ್ತಿದರೆ ರಾತ್ರಿ. ಎಲ್ಲಕ್ಕಿಂತ ಮುಖ್ಯವಾಗಿ, ಪಾತ್ರಗಳು ಸುಮ್ಮನಾದಾಗಷ್ಟೇ ನಾನು ಬಾಯಿ ತೆರೆಯಬೇಕು. ಕವಿತೆ ಓದುವ ಅಭ್ಯಾಸವಿದ್ದ ನನಗೆ ಇದು ಬೇಗ ಒಗ್ಗಿತು. ಸಾಲು ಮುರಿದಲ್ಲಿ ಉಸಿರಾಡುವುದನ್ನು ಕವಿತೆ ಮೊದಲೇ ಕಲಿಸಿತ್ತು.

ಆದರೆ ಮಾನ್ಯರೇ, ಈಚಿನ ಭಾರೀ ಚಿತ್ರಗಳಲ್ಲಿ ಸಾಲು ಮುರಿಯುವುದೇ ಇಲ್ಲ.

ನಾವಿಬ್ಬರೂ ಮೆಚ್ಚಿದ ಒಂದು ಸಣ್ಣ ಕಾದಂಬರಿಯನ್ನು, ನಾನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದ್ದನ್ನು, ಸಿನಿಮಾ ಮಾಡಿದರು. ಯುದ್ಧಕ್ಕೆ ಹೋದ ಗಡಿಯಾರ ರಿಪೇರಿಯವನು ಮರಳುವುದಿಲ್ಲ. ಹೆಂಡತಿ ಅಂಗಡಿ ನಡೆಸುತ್ತಾಳೆ. ಕೊನೆಗೊಂದು ದಿನ ಕೀಲಿ ಕೊಡುವುದನ್ನು ಬಿಟ್ಟು ಸುಮ್ಮನೆ ಕೂರುತ್ತಾಳೆ, ಗಡಿಯಾರಗಳು ಒಂದೊಂದಾಗಿ ನಿಲ್ಲುತ್ತವೆ. ಕಥೆ ಇಷ್ಟೇ. ಸಿನಿಮಾದ ಮೊದಲ ಭಾಗ ಚೆನ್ನಾಗಿಯೇ ಇತ್ತು. ಗಂಡ ಹೊರಟ ಮೇಲೆ ತೆರೆದ ಬಾಗಿಲು, ಅವನು ಬಿಟ್ಟುಹೋದ ಹಳೆಯ ಚಪ್ಪಲಿ, ಒಂದು ದೀರ್ಘ ಮೌನ. ನಾನು ಎರಡು ವಾಕ್ಯ ಹೇಳಿದೆ. ಅತ್ತಿಗೆ ನನ್ನ ಕೈ ಬಿಗಿಯಾಗಿ ಹಿಡಿದಳು. ಚಿತ್ರ ಗೆದ್ದಿತು. ಗೆದ್ದದ್ದೇ ತಪ್ಪಾಯಿತು.

ಮುಂದುವರಿದ ಭಾಗವೆಂದರೆ ಮೂಗು ಮುರಿಯುವವಳಲ್ಲ ನಾನು. 'ಆಮೇಲೆ?' ಎಂದು ಕೇಳಿಸಿಕೊಳ್ಳುವುದು ಕಥೆಗಾರನ ಭಾಗ್ಯ. ಆದರೆ ಆಮೇಲೆ ಯಾರೂ ಬರುವುದಿಲ್ಲ ಎನ್ನುವುದೇ ಕಥೆಯ ಜೀವವಾಗಿದ್ದರೆ? ಎರಡನೇ ಭಾಗದಲ್ಲಿ ಗಂಡ ಮರಳಿದ, ಒಂದು ಸೈನ್ಯದ ಸಮೇತ. ಗಡಿಯಾರದ ಮುಳ್ಳು ಹಿಡಿಯುತ್ತಿದ್ದ ಬೆರಳುಗಳಲ್ಲಿ ಫಿರಂಗಿ. ಅವನು ನೀರು ಕುಡಿದರೂ ಹಿನ್ನೆಲೆಯಲ್ಲಿ ನಗಾರಿ. ಓದುಗರು ಕಟ್ಟಿಕೊಂಡಿದ್ದ ದುಃಖವನ್ನು ಹೀಗೆ ಕೆಡವಿ ಅದೇ ಜಾಗದಲ್ಲಿ ಚಪ್ಪಾಳೆ ಗಿಟ್ಟಿಸುವುದಕ್ಕೆ 'ರೂಪಾಂತರ' ಎನ್ನುತ್ತಾರೆ.

ಹೇಳಲು ಸಂದಿಯೇ ಸಿಗದೆ ನಾನು ಒದ್ದಾಡಿದೆ.

"ಏನದು?"

"ಕುದುರೆ."

"ಯಾರ್ದು?"

"ತಡಿ... ಸತ್ತೋಯ್ತು."

"ಕುದುರೇನಾ, ಕೂತೋನಾ?"

ಅಷ್ಟರಲ್ಲಿ ಕಾದಂಬರಿಯ ಕೊನೆಯ ಆ ಅಂಗಡಿಯ ದೃಶ್ಯ ಬಂತು. ಹೆಂಡತಿ ಕೀಲಿಯನ್ನು ಕೆಳಗಿಟ್ಟಳು. ಅತ್ತಿಗೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಇನ್ನು ನೀನು ಹೇಳ್ಬೇಡ. ಗಡಿಯಾರ ನಿಲ್ಲೋದು ನಾನೇ ಕೇಳ್ಕೋತೀನಿ." ಮುಂದಕ್ಕೆ ಬಾಗಿ, ಉಸಿರು ಹಿಡಿದು ಕಾದಳು. ಆ ಇಡೀ ಚಿತ್ರದಲ್ಲಿ ಯಾರ ಸಹಾಯವೂ ಇಲ್ಲದೆ ಅವಳಿಗೆ ದಕ್ಕಬೇಕಾಗಿದ್ದ ಗಳಿಗೆ ಅದೊಂದೇ. ಆಗ ಬಾಂಬು ಬಿತ್ತು. ಕುರ್ಚಿಯ ಕಾಲೂ ನಡುಗಿತು.

"ನಿಂತ್ವಾ?" ಎಂದಳು.

"ನಿಂತ್ವು" ಎಂದೆ, ಸದ್ದನ್ನು ಮೀರಿಸಿ.

ಹಿಂದಿನ ಸಾಲಿನಿಂದೊಬ್ಬರು, "ಅಂಗಡೀನೇ ಹಾರ್ಹೋಯ್ತಲ್ರೀ, ನಿಲ್ದೆ ಇನ್ನೇನ್ಮಾಡ್ತಾವೆ?" ಎಂದರು. ಅತ್ತಿಗೆ ಗಹಗಹಿಸಿ ನಕ್ಕಳು. ಯಾರೋ ದೂರಿತ್ತರು. ಮ್ಯಾನೇಜರು ಟಾರ್ಚು ಹಿಡಿದು ಬಂದು, "ಆಚೆ ಬನ್ನಿ ಮೇಡಂ, ನಿಮ್ಮ ಮಾತಿಂದ ಡಿಸ್ಟರ್ಬ್ ಆಗ್ತಿದೆಯಂತೆ" ಎಂದರು.

"ಯಾವುದಕ್ಕಪ್ಪಾ ಡಿಸ್ಟರ್ಬು? ಬಾಂಬಿಗಾ?" ಎಂದಳು ಅತ್ತಿಗೆ.

ಬಾಗಿಲ ಬಳಿ ಅಂಟಿಸಿದ್ದ ನಿಮ್ಮ ಆದೇಶವನ್ನು ಅವರು ಬೆಳಕು ಬಿಟ್ಟು ತೋರಿಸಿದರು. ಅವಳಿಗೆ ಅದನ್ನೂ ನಾನೇ ಓದಿ ಹೇಳಬೇಕಾಯಿತು.

ಮನೆಯಲ್ಲೇ ಕೇಳಿಸಿಕೊಳ್ಳಬಹುದು ಎನ್ನುತ್ತೀರಿ. ನಿಮ್ಮ ಉತ್ತರವನ್ನು ಓದಿದಾಗ ಅತ್ತಿಗೆ ಕೇಳಿದ್ದು ಇಷ್ಟೇ: "ಸಿನಿಮಾನ ಮನೆಗೆ ತರಬಹುದು, ಜನಾನ ಎಲ್ಲಿಂದ ತರ್ಲಿ?" ತುಂಬಿದ ಸಭಾಂಗಣ ಒಮ್ಮೆಲೇ ಉಸಿರು ಬಿಗಿಹಿಡಿಯುವುದನ್ನು ನೀವು ಕಣ್ಣು ಮುಚ್ಚಿ ಎಂದಾದರೂ ಕೇಳಿದ್ದೀರಾ? ಅವಳ ಪಾಲಿಗೆ ಸಿನಿಮಾದ ಅರ್ಧ ಅದೇ. ಹಿಂದಿನ ಸಾಲಿನವರ ನೆಮ್ಮದಿಯ ಹಕ್ಕನ್ನು ನಾನು ಅಲ್ಲಗಳೆಯುತ್ತಿಲ್ಲ. ಎದೆಗೂಡು ಅದುರಿಸುವ ಗದ್ದಲಕ್ಕೆ ಪರವಾನಗಿ ಕೊಟ್ಟ ಕೈಯೇ ಪಿಸುಮಾತನ್ನು ಅಪರಾಧ ಮಾಡಿದೆಯಲ್ಲ, ಆ ಕೈಗೆ ಕಿವಿ ಇದೆಯೇ ಎಂದಷ್ಟೇ ಕೇಳುತ್ತಿದ್ದೇನೆ.

ಹೋದ ವಾರ ಅತ್ತಿಗೆ ಒಂದು ಉಪಾಯ ಹೂಡಿದಳು. "ನೀನೊಬ್ಳೇ ಹೋಗಿ ಬೇರೆ ಯಾವ್ದಾದ್ರೂ ನೋಡ್ಕೊಂಡು ಬಾ. ಬಂದು ಹೇಳು, ಸಾಕು." ಹೋದೆ. ಇನ್ನೊಂದು ಕಾದಂಬರಿಯ ಇನ್ನೊಂದು ಭಾಗ. ಪಕ್ಕದ ಕುರ್ಚಿಯಲ್ಲಿ ಯಾರದೋ ಬ್ಯಾಗು. ಹಗಲಾದಾಗ ಒತ್ತಲು ಮಣಿಕಟ್ಟಿರಲಿಲ್ಲ, ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮನೆಗೆ ಬಂದಾಗ ಅವಳು ಕುರ್ಚಿ ಎಳೆದುಕೊಂಡು ಕೂತಳು. "ಹೂಂ, ಹೇಳು. ನಾಯಕಿ ಯಾವ ಬಣ್ಣದ ಬಟ್ಟೆ ಹಾಕಿದ್ಲು?" ನೆನಪಾಗಲಿಲ್ಲ. ಇಷ್ಟು ವರ್ಷ ನಾನು ಅವಳಿಗೆ ಸಿನಿಮಾ ತೋರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಹೇಳಬೇಕೆಂಬ ಹೊಣೆ ಇಲ್ಲದಿದ್ದರೆ ನಾನೂ ಏನನ್ನೂ ನೋಡುವುದಿಲ್ಲವೆಂದು ಆಗ ಗೊತ್ತಾಯಿತು.

ಗಡಿಯಾರದವನ ಮೂರನೇ ಭಾಗ ಬರುವ ಶುಕ್ರವಾರ ತೆರೆಗೆ ಬರುತ್ತಿದೆ. ಅದರಲ್ಲಿ ಅವನ ಮಗನಿಗೂ ಸೈನ್ಯವಿದೆಯಂತೆ. ಅಂಧರಿಗೆ ದೃಶ್ಯ ವಿವರಿಸುವ ಧ್ವನಿಯನ್ನು ಕಿವಿಗೆ ತಲುಪಿಸುವ ಉಪಕರಣ ಪ್ರತಿ ಚಿತ್ರಮಂದಿರದಲ್ಲೂ ಇರಲೇಬೇಕೆಂದು ಪರವಾನಗಿಯ ಷರತ್ತಿನಲ್ಲಿ ಸೇರಿಸಿ. ಅದು ಬರುವತನಕ ವಾರಕ್ಕೊಂದು ಮಧ್ಯಾಹ್ನದ ಆಟವನ್ನು ಪಿಸುಗುಟ್ಟುವವರಿಗೆ ಬಿಟ್ಟುಕೊಡಿ. ಅಷ್ಟೂ ಆಗದೆಂದರೆ, ಶುಕ್ರವಾರ ಕೊನೆಯ ಸಾಲಿನಲ್ಲಿ ನಾವಿಬ್ಬರೂ ಕೂತಿರುತ್ತೇವೆ, ತಾವೇ ಬನ್ನಿ. ಎಬ್ಬಿಸಿದರೆ ನಾನು ಜಗಳವಾಡದೆ ಎದ್ದು ಹೋಗುತ್ತೇನೆ. ಆದರೆ ಅವಳು ಏಳುವುದಿಲ್ಲ. ನನ್ನ ಕುರ್ಚಿಯಲ್ಲಿ ತಾವು ಕೂತು, ಉಳಿದ ಸಿನಿಮಾವನ್ನು ಅವಳಿಗೆ ಹೇಳಬೇಕು.

ಇಂತಿ,
ಬಾಂಬಿಗೆ ತೊಂದರೆ ಕೊಟ್ಟ ಆರೋಪದ ಮೇಲೆ ಹೊರಗೆ ಕಳಿಸಲ್ಪಟ್ಟ,
ಸದರಿ ವ್ಯಕ್ತಿಯ ನಾದಿನಿ