ಆರೋಪಿಯ ಬಿಳಿ ಅಂಗಿ ನೋಡಿ ವಾಯಿದೆ ತಿಳಿದುಕೊಂಡವರು

ಮಾನ್ಯ ಸರ್ಕಾರಿ ವಕೀಲರೇ,

ನಮ್ಮ ತಂದೆಯ ಕೈ ಮುರಿದ ಮೊಕದ್ದಮೆಯನ್ನು ತಾವು ವಾಪಸು ಪಡೆದಿರಿ. ಹಾಗೆ ಪಡೆಯುವ ಅಧಿಕಾರ ತಮಗೆ ಕಾನೂನಿನಲ್ಲಿ ಉಂಟಂತೆ, ಇರಲಿ. ಆದರೆ ಕೈ ಮುರಿಸಿಕೊಂಡವರಿಗೆ ಒಂದು ಮಾತು ತಿಳಿಸಬೇಕೆಂದು ತಮಗೆ ಅನ್ನಿಸಲೇ ಇಲ್ಲ. ಸುದ್ದಿಯನ್ನು ನನಗೆ ಮುಟ್ಟಿಸಿದವರು ಕೈ ಮುರಿದವನ ತಾಯಿ. ತಮ್ಮ ಕಚೇರಿ ಮಾಡಬೇಕಾದ ಕೆಲಸವನ್ನು ಆರೋಪಿಯ ಮನೆಯವರು ಬಿಟ್ಟಿಯಾಗಿ ಮಾಡಿಕೊಡುತ್ತಿದ್ದಾರೆ ಎಂಬುದು ತಮ್ಮ ಗಮನಕ್ಕೆ ಬಂದಿರಲಾರದು. ತಮ್ಮ ವಿಳಾಸಕ್ಕೆ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲವಾದ್ದರಿಂದ ಇದನ್ನು ಹತ್ತು ಜನ ಓದುವ ಕಡೆ ಬರೆಯುತ್ತಿದ್ದೇನೆ.

ಮೊಕದ್ದಮೆ ಯಾವುದೆಂದು ತಮಗೆ ನೆನಪಿಲ್ಲದಿದ್ದರೆ ಹೇಳುತ್ತೇನೆ. ನಮ್ಮ ತಂದೆ ದ್ಯಾವಯ್ಯನವರು ಬಾಗೂರು ಹೋಬಳಿಯ ಒಂದು ಹಳ್ಳಿಯ ನೀರುಗಂಟಿ. ಕೆರೆಯ ತೂಬು ಎತ್ತಿ ಇಳಿಸಿ, ಸರದಿ ಪ್ರಕಾರ ಒಬ್ಬೊಬ್ಬರ ಗದ್ದೆಗೆ ನೀರು ಬಿಡುವುದು ಅವರ ಕೆಲಸ. ಅವರ ಅಪ್ಪನೂ ಅದನ್ನೇ ಮಾಡಿದವರು. ನಾಳೆ ಯಾರ ಸರದಿಯೋ ಅವರ ಮನೆ ಬಾಗಿಲಿಗೆ ಇವತ್ತೇ ಹೋಗಿ, ಬೀದಿಯಲ್ಲಿ ನಿಂತು ಕೂಗಿ ಹೇಳಿ ಬರುವುದು ಅವರ ಪದ್ಧತಿ. ಮಾತು ಬಿಟ್ಟವರ ಮನೆಗೂ ಹೋಗುತ್ತಿದ್ದರು, ಅಂಗಳಕ್ಕೆ ನಮ್ಮನ್ನು ಸೇರಿಸದವರ ಮನೆಗೂ ಹೋಗುತ್ತಿದ್ದರು. ಮೂರು ವರ್ಷದ ಹಿಂದೆ ಬತ್ತ ಹೊಡೆ ಕಟ್ಟುವ ಕಾಲದಲ್ಲಿ, ನಮ್ಮೂರಿನ ದೊಡ್ಡ ಹಿಡುವಳಿದಾರರ ಮಗ ಪುಟ್ಟರಾಜು ತೂಬಿನ ಹತ್ತಿರ ಬಂದು ನೀರು ಬಿಡು ಎಂದ. "ನಾಳಿದ್ದು ನಿಮ್ದು ಸರದಿ ಕಣಪ್ಪಾ, ಇವತ್ತು ಬೋರಪ್ಪಂದು" ಎಂದರು ನಮ್ಮ ತಂದೆ. ಅಷ್ಟಕ್ಕೇ ಗುದ್ದಲಿಯ ಕಾವು ಅವರ ಬಲಗೈ ಮೇಲೆ ಬಿತ್ತು. ಈಗ ಆ ಕೈಯ ಬೆರಳುಗಳು ಮಡಿಚುವುದಿಲ್ಲ. ತೂಬು ಎತ್ತಲು ಆಗುವುದಿಲ್ಲ.

ಪುಟ್ಟರಾಜುವಿನ ಕಡೆಯವರು ಕೋರ್ಟಿನಲ್ಲಿ ಏನು ಹೇಳಿದರು ಗೊತ್ತಲ್ಲವೇ? ದ್ಯಾವಯ್ಯ ಬೋರಪ್ಪನಿಗೆ ನೀರು ಮಾರಿಕೊಂಡ, ಆ ಕಾಸಿನಲ್ಲಿ ಕುಡಿದ, ಏರಿ ಮೇಲಿಂದ ಜಾರಿ ಬಿದ್ದ. ಊರು ಇದನ್ನು ಅರ್ಧ ನಂಬಿತು. ಕಳ್ಳ ಎಂದರೂ ನಮ್ಮ ತಂದೆ ಸಹಿಸುತ್ತಿದ್ದರೇನೋ, ನೀರು ಮಾರಿಕೊಂಡ ಎಂಬ ಮಾತನ್ನು ನುಂಗಲಾರದೆ ಹೋದರು. ಪುಟ್ಟರಾಜುವಿಗೆ ಶಿಕ್ಷೆಯಾಗಬೇಕೆಂದು ಅವರು ಒಂದು ದಿನವೂ ಹೇಳಿದವರಲ್ಲ. "ಅವ್ನು ಜೈಲ್‌ಗೋದ್ರೆ ನನ್ ಕೈ ಸರ್ಯಾದದಾ? ನಾನು ನೀರು ಮಾರ್ಕಂಡಿಲ್ಲ ಅಂತ ಜಡ್ಜಿ ಮುಂದೆ ಒಂದ್ಸಲ ಅಂದ್ಬುಟ್ರೆ ಸಾಕು ಕಣವ್ವಾ" ಎನ್ನುತ್ತಿದ್ದರು. ಅವರಿಗೆ ಬೇಕಾಗಿದ್ದುದು ಇಷ್ಟೇ. ಆ ಒಂದು ಮಾತು ಹೇಳುವ ದಿನಕ್ಕಾಗಿ ಅವರು ಮೂರು ವರ್ಷ ಕಾದರು.

ಹೇಗೆ ಕಾದರು ಎಂಬುದನ್ನೂ ಕೇಳಿ. ವಾಯಿದೆ ಯಾವಾಗ ಎಂದು ಅವರಿಗೆ ಯಾರೂ ತಿಳಿಸುತ್ತಿರಲಿಲ್ಲ. ಆರೋಪಿಗೆ ವಕೀಲರಿದ್ದಾರೆ, ವಕೀಲರಿಗೆ ಗುಮಾಸ್ತರಿದ್ದಾರೆ, ಅವನಿಗೆ ಎಲ್ಲವೂ ತಿಳಿಯುತ್ತದೆ. ಏಟು ತಿಂದವರಿಗೆ ಇರುವುದು ತಾವೊಬ್ಬರೇ. ಆದ್ದರಿಂದ ನಮ್ಮ ತಂದೆ ತಮ್ಮದೇ ಒಂದು ಉಪಾಯ ಕಂಡುಕೊಂಡರು. ಬೆಳಿಗ್ಗೆ ಪುಟ್ಟರಾಜು ಬಿಳಿ ಅಂಗಿ ಹಾಕಿಕೊಂಡು ಬಸ್ಸಿಗೆ ನಿಂತನೆಂದರೆ ಅವತ್ತು ವಾಯಿದೆ ಎಂದು ಲೆಕ್ಕ. ನೋಡಿದ ತಕ್ಷಣ ಇವರೂ ಟವೆಲ್ ಹೆಗಲಿಗೆ ಹಾಕಿಕೊಂಡು ಓಡಿಬಂದು ಅದೇ ಬಸ್ಸು ಹತ್ತುವುದು. ಹೊಡೆದವನು ಮುಂದೆ, ಹೊಡೆಸಿಕೊಂಡವರು ಹಿಂದೆ, ಇಬ್ಬರೂ ಚನ್ನರಾಯಪಟ್ಟಣದಲ್ಲಿ ಇಳಿದು ಹಾಸನದ ಬಸ್ಸು ಹಿಡಿಯುವುದು. ನಮ್ಮ ಪಾಲಿಗೆ ಆರೋಪಿಯ ಅಂಗಿಯೇ ಸಮನ್ಸು. ಒಂದು ಸಲ ಹೀಗೆಯೇ ಅವನ ಹಿಂದೆ ಹೋಗಿ ಕೋರ್ಟಿನ ಮರದ ಕೆಳಗೆ ಸಂಜೆಯವರೆಗೂ ಕೂತು, ಬಾಗಿಲು ಹಾಕುವ ಜವಾನ ಗದರಿಸಿದ ಮೇಲೆ ಎದ್ದು ಬಂದರು. ಅವತ್ತು ಪುಟ್ಟರಾಜು ಹಾಸನಕ್ಕೆ ಹೋಗಿದ್ದು ಹೆಣ್ಣು ನೋಡಲು. ಊರಿನವರು ವಾರಗಟ್ಟಲೆ ನಕ್ಕರು. ತಾವೂ ನಗಬಹುದು.

ತಮ್ಮನ್ನು ಅವರು ಒಮ್ಮೆ ಮಾತಾಡಿಸಿದ್ದುಂಟು. ಚೀಲದಲ್ಲಿ ಸೊಗಡು ಅವರೆಕಾಯಿ ತಂದು, ಕೋರ್ಟಿನ ಮೆಟ್ಟಿಲ ಬಳಿ ತಮ್ಮ ದಾರಿ ಕಾದು, "ಬುದ್ದೀ, ನನ್ ಮಾತು ಕೇಳಾದು ಯಾವತ್ತು?" ಎಂದರು. ತಾವು ನಡೆಯುತ್ತಲೇ "ಹೇಳಿ ಕಳಿಸ್ತೀವಿ, ಹೋಗಯ್ಯ" ಎಂದಿರಿ. ಅವರೆಕಾಯಿಯನ್ನು ತಮ್ಮ ಜವಾನ ಒಳಗೆ ತೆಗೆದುಕೊಂಡು ಹೋದ. ಸ್ವಾಮಿ, ಹೇಳಿ ಕಳಿಸ್ತೀವಿ ಎಂಬುದು ಹೋಗೆನ್ನಲು ಹತ್ತು ದಾರಿ ಇರುವವರಿಗೆ ಸುಮ್ಮನೆ ಬಾಯಿಮಾತು. ಬಾಗಿಲು ಬಾಗಿಲಿಗೆ ಹೋಗಿ ಸರದಿ ಸಾರುತ್ತಿದ್ದ ಮನುಷ್ಯರಿಗೆ ಅದು ಆಣೆ. ಅಂದಿನಿಂದ ವಾಯಿದೆಗೆ ಬಿಟ್ಟರೆ ಅವರು ಊರು ಬಿಡಲಿಲ್ಲ. ನಾನು ಹೊಳೆನರಸೀಪುರದ ಆಸ್ಪತ್ರೆಯಲ್ಲಿ ದಾದಿ, ಎರಡು ಕೋಣೆಯ ಮನೆಯಿದೆ, ಬಂದು ಇರಿ ಎಂದು ಎಷ್ಟು ಕರೆದರೂ ಬರಲಿಲ್ಲ. "ನಾನಿಲ್ದಾಗ ವಕೀಲ್ರು ಯೋಳ್ ಕಳಿಸ್ಬುಟ್ರೆ?" ಎಂದು ನನ್ನನ್ನೇ ಕೇಳಿದರು.

ಕೇಸು ಮುಗಿದ ದಿನ ಪುಟ್ಟರಾಜು ಬಸ್ಸಿಗೆ ನಿಲ್ಲಲಿಲ್ಲ. ಹೆಣ್ಣು ಕೊಟ್ಟ ಮಾವನ ಕಾರು ಮನೆ ಬಾಗಿಲಿಗೇ ಬಂದಿತ್ತು. ನಮ್ಮ ತಂದೆ ನೋಡಲಿಲ್ಲ, ಹೋಗಲಿಲ್ಲ.

ಅದಾದ ಒಂದು ತಿಂಗಳಿಗೆ ನಾನು ಊರಿಗೆ ಹೊರಟಿದ್ದೆ. ಪುಟ್ಟರಾಜುವಿನ ತಾಯಿ ಅನಸೂಯಮ್ಮನವರು ಅರಕಲಗೂಡಿನ ತವರಿನಿಂದ ವಾಪಸು ಬರುತ್ತಾ ಅದೇ ಬಸ್ಸಿನಲ್ಲಿದ್ದರು. ನನ್ನನ್ನು ಕಂಡು ಸರಿದು ಕೂತು ಪಕ್ಕದಲ್ಲಿ ಜಾಗ ಕೊಟ್ಟರು. ಅವರ ಮನೆತನದವರು ನಮ್ಮವರಿಗೆ ಹಾಗೆ ಜಾಗ ಕೊಡುವುದಿಲ್ಲ, ಆದ್ದರಿಂದ ನನಗೆ ಆಶ್ಚರ್ಯವಾಯಿತು. "ಇನ್ನು ನಿಮ್ಮಪ್ಪ ಕೋರ್ಟು ಕಚೇರಿ ಅಂತ ಅಲಿಯೋದು ತಪ್ತು ಬುಡವ್ವಾ. ಸರ್ಕಾರಿ ವಕೀಲ್ರೇ ಕೇಸು ತಗದ್ಬುಟ್ರಲ್ಲ" ಎಂದರು. ನಾನು ಯಾವ ಕೇಸು ಎಂದೆ. ಅವರು ನನ್ನ ಮುಖವನ್ನೇ ನೋಡಿ, "ಅಯ್ಯೋ, ನಿಮ್ಗೆ ಯಾರೂ ಯೋಳ್ನಿಲ್ವಾ?" ಎಂದು ತಲೆ ತಗ್ಗಿಸಿದರು. ಆ ತಾಯಿಗೆ ನಾಚಿಕೆಯಾಯಿತು, ವಕೀಲರೇ. ಮಗನ ಕೆಲಸಕ್ಕೆ ಅಲ್ಲ, ತಾವು ಮಾಡಿದ ಕೆಲಸಕ್ಕೆ.

ರಜೆ ಹಾಕಿ ತಮ್ಮ ಕಚೇರಿಗೆ ಬಂದೆ. ತಾವು ಕನ್ನಡಕ ಏರಿಸಿ "ಈ ಕೇಸಿಗೆ ನೀನು ಯಾರು?" ಎಂದಿರಿ. ಗಾಯಗೊಂಡವರ ಮಗಳು ಎಂದೆ. ಗಾಯಾಳು ಬರೀ ಸಾಕ್ಷಿ, ಪಕ್ಷಗಾರನಲ್ಲ, ಫಿರ್ಯಾದಿ ಸರ್ಕಾರ, ನಾನು ಸರ್ಕಾರದ ವಕೀಲ, ನಿಮ್ಮ ವಕೀಲ ಅಲ್ಲ ಎಂದು ತಾವು ನನಗೆ ಪಾಠ ಮಾಡಿದಿರಿ. ತುಂಬ ಉಪಕಾರವಾಯಿತು. ಆದರೆ ಒಂದು ಅನುಮಾನ ಉಳಿದಿದೆ. ಗುದ್ದಲಿಯ ಕಾವು ಬೀಸಿದಾಗ ಈ ಸರ್ಕಾರ ಎಲ್ಲಿ ನಿಂತಿತ್ತು? ಸರ್ಕಾರದ ಯಾವ ಕೈಯ ಬೆರಳು ಮಡಿಚದೆ ಹೋಗಿದೆ? ನೀರು ಮಾರಿಕೊಂಡ ಎಂದು ಊರು ಆಡಿಕೊಂಡದ್ದು ಸರ್ಕಾರವನ್ನೇ? ಉಭಯ ಪಕ್ಷಗಳಲ್ಲಿ ಸೌಹಾರ್ದ ಏರ್ಪಟ್ಟಿರುವುದರಿಂದ ಮೊಕದ್ದಮೆ ವಾಪಸು ಎಂದು ತಾವು ಅರ್ಜಿಯಲ್ಲಿ ಬರೆದಿದ್ದೀರಂತೆ. ಒಪ್ಪತಕ್ಕ ಮಾತು. ಒಂದು ಪಕ್ಷ ಸರ್ಕಾರ, ಇನ್ನೊಂದು ಪಕ್ಷ ಪುಟ್ಟರಾಜು. ಅವರಿಬ್ಬರಲ್ಲಿ ಸೌಹಾರ್ದಕ್ಕೆ ಯಾವತ್ತು ಕೊರತೆಯಿತ್ತು? ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಕಡೆ ಗಾದೆ. ಗೆಲ್ಲದೆ, ಸೋಲದೆ, ಬಾಯಿ ಬಿಡುವುದಕ್ಕೂ ಆಗದೆ ಮರದ ಕೆಳಗೇ ಉಳಿದವನು ಏನಾದ ಎಂದು ಆ ಗಾದೆ ಕಟ್ಟಿದವರು ಹೇಳಿಲ್ಲ.

ನಾನೂ ಸರ್ಕಾರದ ಸಂಬಳ ಉಣ್ಣುವವಳು. ಹೆರಿಗೆ ಕೋಣೆಯಲ್ಲಿ ಮಗು ಸತ್ತು ಹುಟ್ಟಿದರೆ, ಹೊರಗೆ ಜಗುಲಿಯಲ್ಲಿ ಕೂತಿರುವ ಅಜ್ಜಿಗೆ ಹೋಗಿ ಹೇಳುವವರು ಯಾರು? ನಾವೇ. ಕೈ ತೊಳೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು ಹೇಳುತ್ತೇವೆ. ಬೈಸಿಕೊಳ್ಳುತ್ತೇವೆ, ಒಮ್ಮೊಮ್ಮೆ ಹೊಡೆಸಿಕೊಂಡದ್ದೂ ಉಂಟು. ರೋಗಿ ಸರ್ಕಾರಿ ಆಸ್ಪತ್ರೆಯವಳು, ಅಜ್ಜಿ ಪಕ್ಷಗಾರಳಲ್ಲ ಎಂದು ಹಿಂದಿನ ಬಾಗಿಲಿನಿಂದ ಮನೆಗೆ ಹೋದರೆ ನನ್ನನ್ನು ಯಾರಾದರೂ ದಾದಿ ಎಂದಾರೆಯೇ? ಕೆಟ್ಟ ಸುದ್ದಿ ಹೇಳುವುದಕ್ಕೆ ಕಾನೂನು ಓದಬೇಕಾಗಿಲ್ಲ. ಎದುರಿಗೆ ನಿಲ್ಲುವ ಧೈರ್ಯವಿದ್ದರೆ ಆಯಿತು.

ತಮ್ಮಲ್ಲಿಂದ ನೇರ ಊರಿಗೆ ಹೋಗಿ ನಮ್ಮ ತಂದೆಗೆ ನಾನೇ ಹೇಳಿದೆ. "ಯಾರ್ ಯೋಳಿದ್ರು ನಿಂಗೆ?" ಎಂದರು. ಬಸ್ಸಿನ ಸಂಗತಿಯಿಂದ ಹಿಡಿದು ತಮ್ಮ ಕಚೇರಿಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರ ಕಿವಿಗೆ ಬಿದ್ದದ್ದು ಒಂದೇ. "ಅನಸೂಯಮ್ಮೋರು ಪಕ್ದಲ್ಲಿ ಜಾಗ ಕೊಟ್ರಾ? ನಮ್ಮೋರ್ಗೆ ಎಂದೂ ಕೊಡ್ದೋರು ನಿಂಗ್ಯಾಕವ್ವಾ ಕೊಟ್ರು?" ಎಂದರು. "ನಿನ್ನೂವೆ ಅವ್ರ ಕಡೆ ಮಾಡ್ಕಂಡ್ರಾ?" ಎಂದು ಎದ್ದು ಹೋದರು. ಕೇಸು ನಿಜಕ್ಕೂ ಹೋಗಿದ್ದರೆ ತಾವು ಹೇಳಿ ಕಳಿಸುತ್ತಿದ್ದಿರಿ, ಅದನ್ನು ಬಿಡಿಸಲು ಅವರು ನನ್ನನ್ನು ಕೊಂಡುಕೊಂಡಿದ್ದಾರೆಂದು ನಮ್ಮ ತಂದೆಯ ನಂಬಿಕೆ. ಅಂದಿನಿಂದ ನಾನು ಬಡಿಸಿದ ಅನ್ನ ಅವರು ಉಣ್ಣುತ್ತಿಲ್ಲ. ಎಡಗೈಯಲ್ಲಿ ತಾವೇ ಮುದ್ದೆ ತೊಳಸಿಕೊಳ್ಳುತ್ತಾರಂತೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಮುಂದೆ ಯಾರದೇ ಮೊಕದ್ದಮೆಯಾಗಲಿ, ವಾಯಿದೆಯನ್ನು ಒಂದು ಕಾರ್ಡು ಬರೆದು ಏಟು ತಿಂದವರಿಗೆ ತಿಳಿಸಿ. ವಾಪಸು ಪಡೆಯುವುದಿದ್ದರೆ ಪಡೆಯುವ ಮೊದಲು ಕರೆಸಿ, ಅವರ ಮಾತು ಕೇಳಿ, ಆಮೇಲೆ ತಮ್ಮ ಇಷ್ಟದಂತೆ ಮಾಡಿ. ಇದು ಊರಿನವರ ಪರವಾಗಿ. ನನ್ನ ಪರವಾಗಿ ಇನ್ನೊಂದಿದೆ. ತಾವು ಒಂದು ದಿನ ನಮ್ಮೂರಿಗೆ ಬರಬೇಕು. ನಮ್ಮ ತಂದೆಯ ಎದುರಿಗೆ ನಿಂತು, ಕೇಸು ತೆಗೆದುಹಾಕಿದವನು ನಾನು ಎಂದು ಹೇಳಬೇಕು. ಅವರು ತಮ್ಮನ್ನು ಬೈಯುವುದಿಲ್ಲ, ಹೆದರಬೇಡಿ. ಹೇಳಿ ಕಳಿಸ್ತೀವಿ ಎಂದ ತಮ್ಮ ಮಾತು, ಮಗಳ ಮಾತು ಎರಡರಲ್ಲಿ ಒಂದನ್ನು ನಂಬಬೇಕಾಗಿ ಬಂದಾಗ ಅವರು ವಕೀಲರ ಮಾತನ್ನೇ ನಂಬಿದರು. ಆ ನಂಬಿಕೆಯನ್ನು ತಾವೇ ಬಂದು ಮುರಿಯಿರಿ. ನನ್ನ ಕೈಯಲ್ಲಿ ಆಗಲಿಲ್ಲ.

ಇಂತಿ,
ಸತ್ಯ ಹೇಳಿ ಅಪ್ಪನನ್ನು ಕಳೆದುಕೊಂಡ
ಶಾಂತಕುಮಾರಿ
ದಾದಿ, ಹೊಳೆನರಸೀಪುರ