ಮರಗೆಣಸಿನ ಹಬ್ಬ

೧೨ ಮೇ ೨೦೦೨, ಭಾನುವಾರ

ಉಮ್ಮ ಇವತ್ತು ಅದನ್ನು ಹೇಳಬಾರದಿತ್ತೋ ಏನೋ.

ತಮ್ಮ ಝಕರಿಯಾ ಸೌದಿಯ ದಮ್ಮಾಮಿನಿಂದ ಬಂದ ದಿನದಿಂದ ಮರಗೆಣಸು ಬೇಕು ಎನ್ನುತ್ತಿದ್ದ. ಉಮ್ಮ ತುಪ್ಪದ ಅನ್ನದ ನೈಚೋರು, ಕೋಳಿ ಸಾರು ಎಲ್ಲ ಮಾಡಿದರು, ಅದೊಂದನ್ನು ಮಾಡಲಿಲ್ಲ. ಕೊನೆಗೆ ಅವನೇ ಕಲ್ಲಡ್ಕದಿಂದ ತಂದ. ಇವತ್ತು ನರಿಕೊಂಬಿನ ತವರಿಗೆ ಹೋದ ನಾನೇ ಸಿಪ್ಪೆ ತೆಗೆದು ಬೇಯಿಸಿ, ಗಾಂಧಾರಿ ಮೆಣಸು ಜಜ್ಜಿ ಕೊಟ್ಟೆ. ಉಮ್ಮ ಮುಟ್ಟಲಿಲ್ಲ.

ಅವನು ಮಗ ಇಹ್ಸಾನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಾವು ಸಣ್ಣದಿರುವಾಗ ಇದು ಮಾಡಿದ ದಿನ ನಮಗೆ ಹಬ್ಬ, ಗೊತ್ತುಂಟಾ?" ಎಂದ.

ಬಾಗಿಲಲ್ಲಿ ನಿಂತಿದ್ದ ಉಮ್ಮ, "ಹಬ್ಬ ಅಲ್ಲ ಮಗಾ. ಅಕ್ಕಿ ಇಲ್ಲದ ದಿನ ಅದು. ನೀನು ಅಳಬಾರದು ಅಂತ ಹಬ್ಬ ಅಂತ ಹೇಳ್ತಿದ್ದೆ," ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ.

ತಮ್ಮ ನನ್ನ ಕಡೆ ತಿರುಗಿದ. "ನಿನಗೆ ಗೊತ್ತಿತ್ತಾ?"

"ಹೂಂ," ಎಂದೆ.

ನಾನು ದೊಡ್ಡವಳು. ಅಕ್ಕಿ ಡಬ್ಬದ ಮುಚ್ಚಳ ತೆಗೆದು ನೋಡುತ್ತಿದ್ದವಳು ನಾನೇ. ಮದುವೆಯಾದ ಮೇಲೆ ಒಮ್ಮೆಯೂ ಮರಗೆಣಸು ತಿಂದಿಲ್ಲ. ಇವತ್ತೂ ತಿನ್ನಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ಅದು ಒಳ್ಳೆಯದೇ ಆಯಿತು.

ಝಕರಿಯಾ ತಟ್ಟೆಯಲ್ಲಿದ್ದುದನ್ನು ತಿಂದು ಮುಗಿಸಿದ. ಇಹ್ಸಾನ್‌ಗೆ ಮಾತ್ರ ಬಹಳ ರುಚಿಸಿತು. ಇನ್ನೂ ಒಂದು ತುಂಡು ಬೇಕೆಂದ.

ಉಮ್ಮ ಒಳಗೆ ಹೋಗಿ, ಮೊಮ್ಮಗನ ತಟ್ಟೆಗೆ ಬಿಸಿ ಅನ್ನ ತಂದು ಬಡಿಸಿದರು.