ಹಾಡದ ಪ್ರೋಬು

ಜೂನ್ 3, ಸೋಮವಾರ

ಇವತ್ತಿನದೂ ಸತ್ತದ್ದೇ. ಹೊಸ ಪೆಟ್ಟಿಗೆ ತೆರೆದ ಮೇಲೆ ಒಂದು ಪ್ರೋಬೂ ಹಾಡಿಲ್ಲ. ಕೂದಲಿಗಿಂತ ತೆಳು ಪಟ್ಟಿ, ತುದಿಯಲ್ಲಿ ಜೀವಕೋಶವನ್ನು ಸವರಿ ಅದರ ಚಿತ್ರ ಮೂಡಿಸುವ ಮೊನೆ. ನೀರಿನಲ್ಲಿಟ್ಟು ನಡುಗಿಸಿದರೆ ಅದರ ಸದ್ದು ಸ್ಪೀಕರಿನಲ್ಲಿ ಬರಬೇಕು. ಸ್ಪೀಕರ್ ಜೋಡಿಸಿದ್ದು ನಾನೇ. ಮೊನೆ ಜೀವಕೋಶದ ಹತ್ತಿರಕ್ಕೆ ಇಳಿದಂತೆ ನಡುಕ ಕುಗ್ಗುತ್ತದೆ, ಸದ್ದೂ ಸಣ್ಣಗಾಗುತ್ತದೆ. ಅಲ್ಲಿಗೆ ಕೈ ನಿಲ್ಲಬೇಕು. ತಪ್ಪಿದರೆ ಕೋಶ ತೂತು. ಸ್ಕ್ರೀನಿನಲ್ಲಿ ನಡುಕ ತೋರಿಸುವ ಗೆರೆ ನೋಡಿ ಇಳಿಸುವವರೂ ಇದ್ದಾರೆ — ಇರಲಿ, ಪಾಪ. ನನಗೆ ನನ್ನ ಕಿವಿ ಸಾಕು.

ಪ್ರೋಬ್ ಕಳಿಸಿದ ಕಂಪನಿಯವನಿಗೆ ಫೋನ್ ಮಾಡಿ ಚೆನ್ನಾಗಿ ಮಂಗಳಾರತಿ ಮಾಡಿದೆ. ಪಕ್ಕದ ಮೇಜಿನಲ್ಲಿ ಇವಳು ತಲೆ ತಗ್ಗಿಸಿ ಗಾಜು ಒರೆಸುತ್ತಿದ್ದಳು. ಮದುವೆಯಾದಾಗಿನಿಂದ ಒಂದೇ ಲ್ಯಾಬು, ಒಂದೇ ಟಿಫಿನ್ ಡಬ್ಬಿ. ಏನೋ ಹೇಳಲು ಬಾಯಿ ತೆರೆದವಳು ಮತ್ತೆ ಗಾಜಿನತ್ತ ತಿರುಗಿದಳು.

ಜೂನ್ 5

ಕಣ್ಣಾಸ್ಪತ್ರೆಯಿಂದ ಕೋಶಗಳು ಬಂದಿವೆ. ಒಂದೇ ತಟ್ಟೆ. ವಾರ ದಾಟಿದರೆ ಸಾಯುತ್ತವೆ. ಇನ್ನೊಂದು ಪ್ರೋಬ್ ಹಾಕಿದೆ. ಅದೂ ಗೊಟಕ್. ಎಸೆಯಲು ಹೋದರೆ ಇವಳು ಕೈ ಹಿಡಿದಳು.

"ಒಂದ್ನಿಮಿಷ ಇಲ್ಲಿ ಬನ್ನಿ."

ಸ್ಕ್ರೀನಿನಲ್ಲಿ ಗೆರೆ ಗುಡ್ಡದಂತೆ ಎದ್ದು ನಿಂತಿತ್ತು. ಅಂದರೆ ಪಟ್ಟಿ ಜೋರಾಗಿಯೇ ನಡುಗುತ್ತಿದೆ.

"ಸತ್ತಿರೋದು ಹೀಗೆ ಕುಣಿಯುತ್ತೇನ್ರೀ?"

"ಹಾಗಾದ್ರೆ ಸ್ಪೀಕರ್ ಕೆಟ್ಟಿದೆ."

"ಸ್ಪೀಕರ್ ಚೆನ್ನಾಗೇ ಇದೆ." ದನಿ ತೀರಾ ಮೆತ್ತಗಾಯಿತು. "ನಂಗೆ ಕೇಳಿಸ್ತಿದೆ. ಈ ಹೊಸಾದು ಸ್ವಲ್ಪ ಕೀಚಲು, ಅಷ್ಟೆ."

ಎಷ್ಟು ದಿನದಿಂದ ಗೊತ್ತಿತ್ತು ಎಂದು ಕೂಗಾಡಿದೆ. ಒಬ್ಬನೇ ಮನೆಗೆ ಬಂದುಬಿಟ್ಟೆ. ಕೋಪಕ್ಕಿಂತ ಭಯವೇ ಹೆಚ್ಚು. ಕಿವಿಯೇ ಇಲ್ಲದಿದ್ದರೆ ಆ ಯಂತ್ರದ ಮುಂದೆ ನಾನು ಯಾರು?

ಜೂನ್ 7

ನಿನ್ನೆ ಬರೆಯಲು ಮನಸ್ಸಾಗಲಿಲ್ಲ.

ಇವತ್ತು ಇವಳು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಮಾತು ಕೇಳಿಸುತ್ತದಂತೆ, ಕೀಚಲು ಸದ್ದು ಹೋಗಿದೆಯಂತೆ, ಹೋದದ್ದು ಬರುವುದಿಲ್ಲವಂತೆ. ವಯಸ್ಸು. ಕಂಪನಿಯವನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಪುಣ್ಯಾತ್ಮ, ನಕ್ಕುಬಿಟ್ಟ.

ವಾಪಸು ಬರುವ ದಾರಿಯಲ್ಲಿ ಇವಳಿಗೆ ಹೇಳಿದೆ, "ನಾಳೆಯಿಂದ ನೀನೇ ಇಳಿಸು. ನಂಗೆ ಸಾಕು."

"ಆ ನಿಧಾನ ನನ್ನ ಜನ್ಮಕ್ಕೆ ಬರಲ್ಲ. ನೀವೇ ಇಳಿಸ್ಬೇಕು."

"ಗೆರೆ ನೋಡ್ಕೊಂಡಾ? ಈ ವಯಸ್ಸಲ್ಲಿ?"

"ಗೆರೆ ನೋಡಿ ಅಂತ ಯಾರು ಹೇಳಿದ್ರು?"

ಜೂನ್ 8, ಬೆಳಿಗ್ಗೆ 11

ಲ್ಯಾಬಿನಲ್ಲೇ ಬರೆಯುತ್ತಿದ್ದೇನೆ.

ಇವಳು ಸ್ಪೀಕರಿಗೆ ಕಿವಿ ಕೊಟ್ಟು, ನನ್ನ ಭುಜದ ಹತ್ತಿರ ಬಾಯಿ ತಂದು, ಗುನುಗತೊಡಗಿದಳು. ತಗ್ಗು ದನಿ, ನನ್ನ ಕಿವಿಗೆ ಎಟಕುವಂಥದು. ಪ್ರೋಬಿನ ಪರವಾಗಿ! ಶ್ರುತಿ ಅಷ್ಟಕ್ಕಷ್ಟೇ — ಹೇಳಿದರೆ ನನಗೆ ಉಳಿಗಾಲವಿಲ್ಲ. ತಿರುಪು ತಿರುಗಿಸಿದೆ. ಮೊನೆ ಇಳಿಯಿತು. ಗುನುಗು ಒಂದೇ ಸಮ... ಒಂದೇ ಸಮ... ಆಮೇಲೆ ತೆಳುವಾಯಿತು. ಇನ್ನೂ ತೆಳು. ಕೈ ತಾನಾಗಿ ನಿಂತಿತು.

ಕೋಶ ತೂತಾಗಲಿಲ್ಲ. ಚಿತ್ರ ಸಾಲು ಸಾಲಾಗಿ ಮೂಡುತ್ತಿದೆ. ಇವಳ ಮೇಲೆ ಇಷ್ಟು ಪ್ರೀತಿ ಉಕ್ಕಿದ್ದು ಹಿಂದೆ ಯಾವಾಗ, ನೆನಪಿಲ್ಲ.

ಇಳಿಸಿ ಆಗಲೇ ಎಷ್ಟೋ ಹೊತ್ತಾಯಿತು. ಇನ್ನು ಸಾಕು ಎನ್ನಬೇಕು. ಕಣ್ಣು ಮುಚ್ಚಿಕೊಂಡು, ತೆಳ್ಳಗೆ, ಇನ್ನೂ ಗುನುಗುತ್ತಲೇ ಇದ್ದಾಳೆ. ಹೇಳುವುದಿಲ್ಲ. ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೇಳುತ್ತೇನೆ...